ಹಳೇ ಇಗರ್ಜಿಗೆ ಹಾರೆ ಹಾಕುವ ಮುನ್ನ…

ಮಳೆಗಾಲ ಹಿಂದೆ ಸರಿಯಿತೆಂದರೆ ನಮ್ಮ ಜಿಲ್ಲೆಯಲ್ಲಿ ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ. ಒಂದು, ಯಕ್ಷಗಾನ ಮೇಳಗಳ ತಿರುಗಾಟ. ಇನ್ನೊಂದು, ದೇವರ ಮನೆಗಳನ್ನು ಕೆಡಹಿ ಕಟ್ಟುವ ಕೆಲಸ. ದೇವಸ್ಥಾನದ ಜೀರ್ಣೋದ್ಧಾರ, ಮಸೀದಿಯ ನವೀಕರಣ, ಇಗರ್ಜಿಯ ಹೊಸ ಕಟ್ಟಡ… ಸಮಿತಿಯವರು ರಶೀದಿ ಪುಸ್ತಕ ಹಿಡಿದು ಪೇಟೆಯ ಅಂಗಡಿಗಳ ಮೆಟ್ಟಲು ಹತ್ತುವುದು ಆಗಲೇ. ನಮ್ಮ ಪೇಟೆಯ ವ್ಯಾಪಾರಿಗಳು ಈ ವಿಷಯದಲ್ಲಿ ದೊಡ್ಡ ಮನಸ್ಸಿನವರು. ಯಾರ ದೇವರು ಎಂದು ಕೇಳದೆ ಐನೂರೋ ಸಾವಿರವೋ ಬರೆಸುತ್ತಾರೆ. ಹಾಗಿರುವಾಗ ಇಗರ್ಜಿ ಕಟ್ಟಡದ ಬಗ್ಗೆ ಕ್ರೈಸ್ತರಲ್ಲದವರು ಮಾತಾಡಬಹುದೋ ಎಂದು ಯಾರಾದರೂ ಕೇಳಿದರೆ, ಧಾರಾಳವಾಗಿ ಮಾತಾಡಬಹುದು ಎಂದೇ ಉತ್ತರ.

ಮಾತಾಡಲೇಬೇಕಾದ ಕಾಲವೂ ಬಂದಿದೆ. ಮೂಡಬಿದ್ರೆ ಕಡೆಗೋ ಬಿ.ಸಿ. ರೋಡ್ ಕಡೆಗೋ ದಿನಾ ಬಸ್ಸಿನಲ್ಲಿ ಹೋಗಿ ಬರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ತೆಂಗಿನ ತೋಟದ ನಡುವೆ ಸುಣ್ಣ ಬಳಿದ ಬಿಳಿ ಎದುರುಗೋಡೆ, ಅದರ ಹಿಂದೆ ಉದ್ದಕ್ಕೆ ಇಳಿದ ಕೆಂಪು ಹಂಚಿನ ಮಾಡು, ಪಕ್ಕದಲ್ಲೊಂದು ಗಂಟೆಗೋಪುರ ಕಂಡಿತೆಂದರೆ ಇಗರ್ಜಿ ಸ್ಟಾಪು ಬಂತು ಎಂದು ನಿದ್ದೆಗಣ್ಣಿನಲ್ಲೂ ಗೊತ್ತಾಗುತ್ತಿತ್ತು. ಈಗ ಎಷ್ಟೋ ಕಡೆ ಅದೇ ಜಾಗದಲ್ಲಿ ಕಾಂಕ್ರೀಟು, ಗಾಜು, ಟೈಲ್ಸ್. ಕಲ್ಯಾಣ ಮಂಟಪವೋ, ಆಸ್ಪತ್ರೆಯೋ, ಇಗರ್ಜಿಯೋ ಎಂಬುದನ್ನು ತುದಿಯ ಶಿಲುಬೆ ನೋಡಿಯೇ ತೀರ್ಮಾನಿಸಬೇಕು. ಕಳೆದ ಮೂರು ನಾಲ್ಕು ದಶಕಗಳಿಂದ ಒಂದೊಂದೇ ಊರಿನಲ್ಲಿ, ಹೆಚ್ಚಾಗಿ ಶತಮಾನೋತ್ಸವದ ಹೆಸರಿನಲ್ಲೇ ಈ ಕೆಲಸ ನಡೆದಿದೆ. ನೂರು ವರ್ಷ ಬಾಳಿದ ಕಟ್ಟಡಕ್ಕೆ ನೂರು ತುಂಬಿದ ಸಂತೋಷಕ್ಕೆ ಹಾರೆ ಹಾಕುವುದು. ಇದು ಎಂಥಾ ಹಬ್ಬ ಮಾರಾಯ್ರೆ?

ಹಳೆಯದೆಲ್ಲ ಒಳ್ಳೆಯದು ಎಂದು ವಾದಿಸುವ ಉದ್ದೇಶ ಇಲ್ಲಿಲ್ಲ. ಹಾಗೆ ನೋಡಿದರೆ ನಮ್ಮ ಇಗರ್ಜಿಗಳಲ್ಲಿ ನಿಜಕ್ಕೂ ಬಹಳ ಹಳೆಯದು ಎಂಬ ಕಟ್ಟಡ ಕಡಿಮೆ. ಮಂಗಳೂರಿನ ರೊಸಾರಿಯೊ 1568ರದ್ದು ಎನ್ನುತ್ತಾರೆ, ಕಲ್ಯಾಣಪುರದ ಮಿಲಾಗ್ರಿಸ್ 1678ರದ್ದು, ಹಂಪನಕಟ್ಟೆಯ ಮಿಲಾಗ್ರಿಸ್ 1680ರದ್ದು. ಆದರೆ ಅವೆಲ್ಲ ಸ್ಥಾಪನೆಯ ವರ್ಷಗಳು, ಈಗ ನಿಂತಿರುವ ಗೋಡೆಗಳದ್ದಲ್ಲ. 1784ರಲ್ಲಿ ಟಿಪ್ಪುವಿನ ಅಪ್ಪಣೆಯಂತೆ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಲ್ಲಿನ 27 ಇಗರ್ಜಿಗಳು ನೆಲಸಮವಾದುವೆಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಉಳಿದದ್ದು ಮೂಡಬಿದ್ರೆ ಹತ್ತಿರದ ಹೊಸಪೇಟೆಯ ಹೋಲಿ ಕ್ರಾಸ್ ಒಂದೇ ಎಂಬ ಮಾತಿದೆ. ಅದು ಉಳಿದದ್ದು ಮೂಡಬಿದ್ರೆಯ ಜೈನ ಅರಸ ಚೌಟರ ದಯದಿಂದಂತೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ತಿರುಗಿ ಬಂದವರು ಬರಿಗೈಯಲ್ಲಿ ಬಂದರು. ಮತ್ತೆ ಕಟ್ಟಿದರು. ಅಂದರೆ ನಾವು ಇಂದು 'ಸಾಂಪ್ರದಾಯಿಕ' ಎಂದು ಕರೆಯುವ ಇಗರ್ಜಿಗಳು ಬಹುತೇಕ 19ನೇ ಶತಮಾನದವು, ಇಲ್ಲವೇ 20ನೇ ಶತಮಾನದ ಆರಂಭದವು. ಎಲ್ಲ ಕಳಕೊಂಡು ಬಂದವರು ಊರಿನ ಕಲ್ಲು, ಊರಿನ ಮರ, ಊರಿನ ಆಚಾರಿ, ಊರಿನ ಮೇಸ್ತ್ರಿಯನ್ನು ನಂಬಿ ಎಬ್ಬಿಸಿದವು. ಅವುಗಳ ಬೆಲೆ ಇರುವುದು ಅಲ್ಲಿ, ವಯಸ್ಸಿನಲ್ಲಲ್ಲ.

ಎದುರುಗೋಡೆಯ ನಕ್ಷೆ ಪರದೇಶದ್ದು ಎಂದು ಮೂಗು ಮುರಿಯುವವರೂ ಇದ್ದಾರೆ. ಒಪ್ಪೋಣ. ಮುಖ ಪೋರ್ಚುಗೀಸರದ್ದೋ ಇಟಲಿಯದ್ದೋ ಇರಬಹುದು. ಮುಖ ದಾಟಿ ಒಳಗೆ ಬನ್ನಿ. ತಲೆ ಎತ್ತಿ ಮಾಡು ನೋಡಿ. ತೊಲೆ, ಪಕ್ಕಾಸು, ರೀಪು, ಮರದ ಮುಚ್ಚಿಗೆ… ಇದೇ ಅಲ್ಲವೇ ನಮ್ಮ ಗುತ್ತಿನ ಮನೆಯಲ್ಲಿ, ದೇವಸ್ಥಾನದ ಸುತ್ತುಪೌಳಿಯಲ್ಲಿ, ಬ್ಯಾರಿಗಳ ಹಳೇ ಮಸೀದಿಯಲ್ಲಿ, ನೀವು ನಾವು ಕಲಿತ ಪ್ರೈಮರಿ ಶಾಲೆಯಲ್ಲಿ ಇದ್ದದ್ದು? ಗೋಡೆಯ ಹೊರಗೆ ಮಳೆಗೆ ಆಸರೆಯಾದ ಜಗಲಿ. ಮದುವೆಗೆ ಬಂದ ದಿಬ್ಬಣವೂ ಅಲ್ಲೇ ನಿಲ್ಲುತ್ತದೆ, ಸಾವಿಗೆ ಬಂದವರೂ ಅಲ್ಲೇ. ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ಮಕ್ಕಳು ಹೂವಿನ ತಟ್ಟೆ ಹಿಡಿದು ಸಾಲು ನಿಲ್ಲುವ ಅಂಗಳವೂ ಮನೆಯಂಗಳದ ದೊಡ್ಡಣ್ಣನೇ.

ಹಂಚಿನ ಕತೆ

ಹಂಚಿನ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು. ಮಂಗಳೂರಿನ ಹೆಸರನ್ನು ಲೋಕಕ್ಕೆ ಹಬ್ಬಿಸಿದ್ದು ಅದು. ಹುಟ್ಟಿದ್ದೂ ಒಂದು ಕ್ರೈಸ್ತ ಮಿಷನ್ನಿನ ಕೈಯಲ್ಲೇ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದು ಇಳಿದದ್ದು 1834ರಲ್ಲಿ. ಮತಾಂತರಗೊಂಡವರಿಗೆ ಜಾತಿಯೂ ಹೋಯಿತು, ಕಸುಬೂ ಹೋಯಿತು. ಹೊಟ್ಟೆಗೆ ದಾರಿ ಬೇಕಲ್ಲ? ನೇಯ್ಗೆ ಶುರುಮಾಡಿದರು, ಮುದ್ರಣ ಶುರುಮಾಡಿದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್ ಈ ಮಿಷನ್ನಿನವರೇ. ಹಾಗಾಗಿ ಈ ಅಂಕಣ ಬರೆಯುವವನ ಕಸುಬಿಗೂ ಅವರೇ ಅಜ್ಜ ಎನ್ನಬೇಕು. 1860ರ ದಶಕದಲ್ಲಿ ಪ್ಲೆಬ್ಸ್ಟ್ ಎಂಬವರು ನದಿದಂಡೆಯ ಆವೆಮಣ್ಣು ನೋಡಿ, ಯಂತ್ರದಲ್ಲಿ ಒತ್ತಿ ಸುಟ್ಟು ಹಂಚು ಮಾಡುವ ಕ್ರಮ ತಂದರು. ಜೆಪ್ಪುವಿನಲ್ಲಿ ಕಾರ್ಖಾನೆ ಎದ್ದಿತು. ಸ್ವಲ್ಪವೇ ವರ್ಷಗಳಲ್ಲಿ ಊರಿನ ಉದ್ಯಮಿಗಳೂ ಕೈಹಾಕಿದರು. ನೇತ್ರಾವತಿ, ಗುರುಪುರ ಹೊಳೆಗಳ ಉದ್ದಕ್ಕೂ ಚಿಮಿಣಿಗಳು ಎದ್ದವು. ದೋಣಿಯಲ್ಲಿ ಮಣ್ಣು ಬರುತ್ತಿತ್ತು, ಮಂಜಿಯಲ್ಲಿ ಹಂಚು ಹೋಗುತ್ತಿತ್ತು.

ಈ ಹಂಚಿನ ಗುಟ್ಟು ಏನು? ಒಂದರ ಅಂಚಿಗೆ ಇನ್ನೊಂದು ಕಚ್ಚಿ ಕೂರುತ್ತದೆ. ಮೊಳೆ ಬೇಡ, ಗಾರೆ ಬೇಡ. ಒಂದು ಚದರ ಮೀಟರಿಗೆ ಹದಿನೈದರಷ್ಟು ಹಂಚು ಬೇಕು. ಅದರಲ್ಲಿ ಒಂದು ಒಡೆದರೆ ಒಂದನ್ನೇ ಬದಲಾಯಿಸಿದರಾಯಿತು. ಇಳಿಜಾರು ಮಾಡಿನ ಮೇಲೆ ನೀರು ನಿಲ್ಲುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು. ನೀರು ನಿಲ್ಲದಿರುವುದೇ ದೊಡ್ಡ ಸಂಗತಿ. ಬೇಸಗೆಯಲ್ಲಿ ಹಂಚಿನ ಸಂದುಗಳಿಂದ ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ, ಎತ್ತರದ ಕಿಟಕಿಗಳಿಂದ ತಂಪುಗಾಳಿ ಒಳಗೆ ಬರುತ್ತದೆ. ಕರೆಂಟು ಹೋದರೂ ಪೂಜೆ ನಡೆಯುತ್ತದೆ.

ಗೋಡೆಯದ್ದು ಇನ್ನೊಂದು ಲೆಕ್ಕ. ಮುರಕಲ್ಲು ನೆಲದಿಂದ ಕಡಿಯುವಾಗ ಮೆದು, ಗಾಳಿ ತಾಗಿದ ಹಾಗೆ ಗಟ್ಟಿ. ಆದರೆ ಮೈತುಂಬಾ ತೂತು, ನೀರು ಕುಡಿಯುವ ಕಲ್ಲು. ಅದಕ್ಕೇ ಹಿರಿಯರು ಮೇಲೆ ಸುಣ್ಣದ ಗಾರೆ ಹಚ್ಚಿದರು, ವರ್ಷಕ್ಕೊಮ್ಮೆ ಸುಣ್ಣ ಬಳಿದರು. ಹೊಳೆಯ ಚಿಪ್ಪು ಸುಟ್ಟು ಮಾಡಿದ ಸುಣ್ಣ. ಸುಣ್ಣದ ಗಾರೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಗೋಡೆ ಹೀರಿದ ತೇವವನ್ನು ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಸಿಮೆಂಟು ಹಾಗಲ್ಲ. ಒಂದು ಸಣ್ಣ ಬಿರುಕಿನಲ್ಲಿ ನೀರು ಒಳಗೆ ಹೋದರೆ ಹೊರಗೆ ಬರಲು ದಾರಿ ಇಲ್ಲ. ಒಳಗೇ ಕಲ್ಲನ್ನು ಕೊಳೆಸುತ್ತದೆ. ನಮ್ಮಲ್ಲಿ ಎಷ್ಟೋ ಇಗರ್ಜಿಗಳಿಗೆ 'ಭದ್ರವಾಗಲಿ' ಎಂದು ಸಿಮೆಂಟು ಗಾರೆ ಮೆತ್ತಿದರು, ಮೇಲೆ ಪ್ಲಾಸ್ಟಿಕ್ ಪೈಂಟು ಹೊಡೆದರು. ಹತ್ತು ವರ್ಷಕ್ಕೆ ಗೋಡೆಯಿಂದ ಚಕ್ಕೆ ಬಿತ್ತು. ಆಗ ಸಮಿತಿ ಕೂತು, 'ಗೋಡೆ ಹಳತಾಯಿತು, ಕೆಡಹಬೇಕು' ಎಂದು ನಿರ್ಣಯ ಮಾಡಿತು. ಮದ್ದು ಕೊಟ್ಟವನ ತಪ್ಪಿಗೆ ರೋಗಿಯನ್ನು ಹೂಳಿದ ಹಾಗೆ!

ಗೋವೆಯ ಪಾಠ

ಗಾರೆಯ ವಿಷಯ ಬಂದದ್ದರಿಂದ ನೆರೆಯ ಗೋವೆಯ ಕಡೆಗೆ ಒಮ್ಮೆ ನೋಡಿ ಬರುವುದು ಒಳ್ಳೆಯದು. ನಮ್ಮವರು ಬಸ್ಸು ಮಾಡಿಕೊಂಡು ಸಂತ ಫ್ರಾನ್ಸಿಸ್ ಜೇವಿಯರ್ ಪಾರ್ಥಿವ ಶರೀರದ ದರ್ಶನಕ್ಕೆ ಹೋಗುತ್ತಾರಲ್ಲ, ಆ ಬೊಮ್ ಜೇಸು ಬಸಿಲಿಕಾ. 1594ರಲ್ಲಿ ಕೆಲಸ ಆರಂಭ, 1605ರಲ್ಲಿ ಪ್ರತಿಷ್ಠೆ. ಇಂದು ನೋಡಿದವರು 'ಎಂಥಾ ಚೆಂದದ ಕೆಂಪುಕಲ್ಲು' ಎಂದು ಫೋಟೋ ಹೊಡೆಸಿಕೊಳ್ಳುತ್ತಾರೆ. ಆದರೆ ಕಟ್ಟಿದವರು ಅದನ್ನು ಕೆಂಪಾಗಿ ಬಿಟ್ಟಿರಲಿಲ್ಲ. ಮೈತುಂಬಾ ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ ಪೋರ್ಚುಗೀಸ್ ಸರಕಾರದ ಕಾಲದಲ್ಲೇ, ಕಟ್ಟಡ 'ಪುರಾತನ'ವಾಗಿ ಕಾಣಲಿ ಎಂಬ ಶೋಕಿಗೆ ಹೊರಗಿನ ಗಾರೆಯನ್ನು ಕೆತ್ತಿ ತೆಗೆದರು. ಅಂದಿನಿಂದ ಪ್ರತಿ ಮಳೆಗಾಲದಲ್ಲೂ ಕಲ್ಲು ಸವೆಯುತ್ತಾ ಬಂದಿದೆ. 2020ರ ಸುಮಾರಿಗೆ ಅಲ್ಲಿನ ಪಾದ್ರಿಗಳೂ ಕಟ್ಟಡ ತಜ್ಞರೂ ತಿರುಗಿ ಗಾರೆ ಹಚ್ಚಬೇಕೆಂದು ಪುರಾತತ್ವ ಇಲಾಖೆಯ ಮುಂದೆ ಧ್ವನಿ ಎತ್ತಿದರು. ಬೇಡ, ಕೆಂಪೇ ಚೆಂದ ಎಂದವರೂ ಇದ್ದರು. 1986ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದ ಇಗರ್ಜಿಯ ಗತಿ ಇದು. ಪಟ್ಟಿಯೂ ಇಲ್ಲ, ಇಲಾಖೆಯೂ ಇಲ್ಲ ಎಂಬ ನಮ್ಮೂರಿನ ಇಗರ್ಜಿಗಳಿಗೆ ಸುಣ್ಣದ ಬುರುಸು ಹಿಡಿಯುವ ಕೈಯೇ ಪುರಾತತ್ವ ಇಲಾಖೆ.

ನಮ್ಮಲ್ಲೇ ಒಳ್ಳೆಯ ಉದಾಹರಣೆ ಇಲ್ಲವೇ? ಇದೆ. ಲೈಟ್ ಹೌಸ್ ಹಿಲ್ಲಿನ ಅಲೋಶಿಯಸ್ ಚಾಪೆಲ್. 1880ರ ದಶಕದ ಕಟ್ಟಡ. ಇಟಲಿಯ ಬೆರ್ಗಾಮೊ ಕಡೆಯಿಂದ ಬಂದ ಜೆಸ್ವಿತ್ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಿಂದ 1901ರ ತನಕ ಗೋಡೆ, ಕಮಾನು, ಮುಚ್ಚಿಗೆ ಒಂದನ್ನೂ ಬಿಡದೆ ಚಿತ್ರ ಬರೆದರು. ಗೋಡೆಯ ಮೇಲಿನದ್ದು ಹಸಿ ಸುಣ್ಣದ ಗಾರೆಯ ಮೇಲೇ ಬಣ್ಣ ಹಾಕುವ ಕ್ರಮ. ಗಾರೆ ಒಣಗುವಾಗ ಬಣ್ಣವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಮೇಲಿನವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. 1990ರ ದಶಕದಲ್ಲಿ ಅವನ್ನು ಇಂಟ್ಯಾಕ್ ಸಂಸ್ಥೆಯ ತಜ್ಞರಿಂದ ದುರಸ್ತಿ ಮಾಡಿಸಲಾಯಿತು. ಇಂದಿಗೂ ಪರವೂರಿನವರು ಬಂದು ಕತ್ತು ನೋಯುವ ತನಕ ನೋಡುತ್ತಾರೆ. ಮೊಸ್ಕೇನಿಯ ಚಿತ್ರ ಉಳಿಯಬೇಕಾದರೆ ಮೊದಲು ಅದರ ಹಿಂದಿನ ಗೋಡೆ ಉಳಿಯಬೇಕು, ಗೋಡೆಯ ಮೇಲಿನ ಮಾಡು ಉಳಿಯಬೇಕು. ಚಿತ್ರವಿಲ್ಲದ ಹಳ್ಳಿಯ ಇಗರ್ಜಿಗೂ ಇದೇ ನಿಯಮ; ಅಲ್ಲಿ ಚಿತ್ರ ಇಲ್ಲದ್ದರಿಂದ ಯಾರೂ ಕೇಳುವುದಿಲ್ಲ, ಅಷ್ಟೆ.

ಅವರ ವಾದವೂ ಇದೆ

ಕೆಡಹುವವರೆಲ್ಲ ಬುದ್ಧಿ ಇಲ್ಲದವರು ಎಂದರೆ ಅನ್ಯಾಯವಾದೀತು. ಅವರ ಕಷ್ಟವನ್ನೂ ಕೇಳಬೇಕು. ಮುನ್ನೂರು ಜನಕ್ಕೆ ಕಟ್ಟಿದ ಇಗರ್ಜಿಗೆ ಹಬ್ಬದ ದಿನ ಸಾವಿರ ಜನ. ಹೊರಗೆ ಶಾಮಿಯಾನದಡಿ ನಿಂತವರಿಗೆ ಪೂಜೆ ಕಾಣುವುದಿಲ್ಲ. ಒಳಗೆ ಕೂತವರಿಗೆ ಕಂಬ ಅಡ್ಡ. ಪಕ್ಕಾಸಿಗೆ ಒರಲೆ, ಹಂಚಿನ ಮೇಲೆ ಮಂಗ. ಮೇ ತಿಂಗಳಲ್ಲಿ ಹಂಚು ಇಳಿಸಿ, ಪಾಚಿ ಉಜ್ಜಿ, ಮತ್ತೆ ಹೊದೆಸುವ ಕೆಲಸಕ್ಕೆ ಜನ ಸಿಗುವುದಿಲ್ಲ; ಸಿಕ್ಕಿದರೆ ಅಷ್ಟು ಎತ್ತರಕ್ಕೆ ಹತ್ತುವ ಧೈರ್ಯದವರಿಲ್ಲ. ಮರದ ರೇಟು ಕೇಳಿದರೆ ತಲೆ ತಿರುಗುತ್ತದೆ.

ಇನ್ನೊಂದು ಕಾರಣ ರೋಮಿನಿಂದಲೇ ಬಂದದ್ದು. 1962ರಿಂದ 1965ರ ತನಕ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಲತೀನಿನ ಪೂಜೆ ಹೋಗಿ ಕೊಂಕಣಿ, ಕನ್ನಡ ಬಂತು. ಗೋಡೆಗೆ ಮುಖಮಾಡಿ ಪೂಜೆ ಮಾಡುತ್ತಿದ್ದ ಪಾದ್ರಿಗಳು ಜನರ ಕಡೆಗೆ ತಿರುಗಿದರು. ಬಲಿಪೀಠ ಮುಂದಕ್ಕೆ ಬಂತು. ಜನ ಸುತ್ತ ಕೂರಬೇಕು, ಪಾಲುಗೊಳ್ಳಬೇಕು ಎಂಬ ಭಾವನೆ ಬೆಳೆಯಿತು. ಒಳ್ಳೆಯದೇ. ಆದರೆ ಇದನ್ನೇ ನೆಪಮಾಡಿ ಎಷ್ಟೋ ಕಡೆ ಹಿಂದಿನ ಮರದ ಕೆತ್ತನೆಯ ಪೀಠವನ್ನು ಕಿತ್ತು ಗೋದಾಮಿಗೆ ಹಾಕಿದರು. ಗೋದಾಮಿನಿಂದ ಅದು ಎಲ್ಲಿಗೆ ಹೋಯಿತೆಂದು ಕೇಳಿದರೆ ಉತ್ತರಿಸುವವರಿಲ್ಲ. ಪೀಠ ಮುಂದಕ್ಕೆ ತರಲು ಮಾಡು ಇಳಿಸಬೇಕೆಂದು ಆ ಮಹಾಸಭೆ ಎಲ್ಲೂ ಹೇಳಿಲ್ಲ.

ಜಾಗ ಸಾಲದೆಂಬ ದೂರಿಗೂ ಕೆಡಹುವುದೊಂದೇ ಮದ್ದಲ್ಲ. ಪಕ್ಕದ ಜಗಲಿಗಳನ್ನು ಒಳಕ್ಕೆ ಸೇರಿಸಿಕೊಂಡು ಅಗಲ ಮಾಡಬಹುದು. ಒಂದು ಪೂಜೆಯ ಬದಲು ಎರಡು ಇಡಬಹುದು. ಹಲವು ಕಡೆ ಈಗಲೇ ಇದೆ. ವರ್ಷಕ್ಕೆ ಮೂರು ದಿನದ ಜನಕ್ಕಾಗಿ ಮುನ್ನೂರ ಅರುವತ್ತೆರಡು ದಿನ ಖಾಲಿ ಬೆಂಚುಗಳಿಗೆ ಫ್ಯಾನು ತಿರುಗಿಸುವುದು ಯಾವ ಲೆಕ್ಕ? ಮತ್ತೆ, ಮಕ್ಕಳು ಬೆಂಗಳೂರು, ದುಬೈ, ಕೆನಡಾ ಎಂದು ಹೋಗಿ ಊರಿನ ಮನೆಗಳಲ್ಲಿ ಮುದುಕರಿಬ್ಬರೇ ಉಳಿದ ಕಾಲ ಇದು. ಹೊಸ ಇಗರ್ಜಿಗೆ ದುಡ್ಡು ಕೊಡುವವರು ಹೆಚ್ಚಾಗಿ ಅಲ್ಲಿರುವವರು, ಅದರಲ್ಲಿ ಕೂರಬೇಕಾದವರು ಇಲ್ಲಿರುವವರು. ಕೊಟ್ಟವರ ಹೆಸರು ಅಮೃತಶಿಲೆಯಲ್ಲಿ ಕೆತ್ತಬೇಕಾದರೆ ಹೊಸ ಗೋಡೆಯೇ ಬೇಕಲ್ಲ! ಹಳೆ ಮಾಡಿನ ಪಕ್ಕಾಸು ಬದಲಾಯಿಸಿದವನ ಹೆಸರು ಯಾರು ಕೆತ್ತುತ್ತಾರೆ? ಈ ರೋಗ ಇಗರ್ಜಿಗೆ ಮಾತ್ರ ತಗಲಿದ್ದಲ್ಲ, ದೇವಸ್ಥಾನ ಮಸೀದಿಗಳಲ್ಲೂ ಇದೇ ಅಮೃತಶಿಲೆ, ಇದೇ ಪಟ್ಟಿ.

ಕಾಂಕ್ರೀಟಿನ ಭದ್ರತೆಯ ಮಾತಿಗೆ ಬರೋಣ. ಕಡಲ ಗಾಳಿಯಲ್ಲಿ ಉಪ್ಪಿದೆ. ಅದು ಕಾಂಕ್ರೀಟಿನ ಸಣ್ಣ ಸಣ್ಣ ಸಂದಿನಲ್ಲಿ ಇಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದ್ದು ಕಾಂಕ್ರೀಟನ್ನು ಒಡೆಯುತ್ತದೆ. ತೊಳೆಯದ ಕಡಲ ಮರಳು ಸೇರಿದ್ದರೆ ಮುಗಿಯಿತು. ಒಳ್ಳೆಯ ಇಂಜಿನಿಯರು ಸಹ ಕಾಂಕ್ರೀಟು ಕಟ್ಟಡಕ್ಕೆ ಐವತ್ತು ವರ್ಷದ ಲೆಕ್ಕ ಹಿಡಿದೇ ನಕ್ಷೆ ಬರೆಯುವುದು. ಅದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ತಲೆ ಮೇಲೆಯೇ ಇದೆ. ಮಂಗಳೂರಿನ ಟೆರೇಸುಗಳನ್ನು ನೋಡಿ. ಹಂಚು ಬೇಡವೆಂದು ಸ್ಲಾಬು ಹಾಕಿದರು, ಸ್ಲಾಬು ಸೋರಿತು, ಅದರ ಮೇಲೆ ಕಬ್ಬಿಣದ ಕಂಬ ನೆಟ್ಟು ಇಳಿಜಾರಾಗಿ ತಗಡು ಹೊದೆಸಿದರು. ಅಂದರೆ ಅಜ್ಜನ ಮಾಡಿನ ಆಕಾರಕ್ಕೇ ತಿರುಗಿ ಬಂದರು, ನಡುವೆ ಲಕ್ಷಗಟ್ಟಲೆ ಖರ್ಚು ಮಾಡಿಕೊಂಡು. ಇಗರ್ಜಿಗಳಿಗೂ ತಗಡು ಬಂದಿದೆ. ಜುಲೈ ತಿಂಗಳಲ್ಲಿ ಆ ತಗಡಿನಡಿ ಕೂತು ಪ್ರಸಂಗ ಕೇಳಿದವರಿಗೆ ಗೊತ್ತು, ದೇವರ ಮಾತು ಕೇಳುತ್ತದೋ ಮಳೆಯ ಮಾತು ಕೇಳುತ್ತದೋ ಎಂದು.

ಹಾಗಾದರೆ ಹೊಸದು ಕಟ್ಟಲೇಬಾರದೋ? ಕಟ್ಟಬಹುದು. ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಾ ನೀವು ನೋಡುವ ಮಿಲಾಗ್ರಿಸ್ ಇಗರ್ಜಿಯ ಮುಂಭಾಗ 1911ರಲ್ಲಿ ಕುಸಿದು ಬಿದ್ದು, ಆಮೇಲೆ ಈಗಿನದ್ದು ಎದ್ದಿತು. ಹೊಸತನ್ನು ಆ ಕಾಲದವರು ಊರಿನ ಭಾಷೆಯಲ್ಲೇ ಕಟ್ಟಿದರು. ಯಾರಿಗೂ ಅದು ಪರಕೀಯವೆನಿಸಲಿಲ್ಲ. ಕಾಸರಗೋಡು ದಾಟಿ ಕೆಳಗೆ ಹೋದರೆ ಕೇರಳದಲ್ಲಿ ಲಾರಿ ಬೇಕರ್ 1970ರ ದಶಕದಲ್ಲಿ ಕಟ್ಟಿದ ತಿರುವಲ್ಲದ ಸೇಂಟ್ ಜಾನ್ಸ್ ಕೆಥೆಡ್ರಲ್ ಇದೆ, ತಿರುವನಂತಪುರದ ಲೊಯೋಲಾ ಚಾಪೆಲ್ ಇದೆ. ಇಟ್ಟಿಗೆಯಲ್ಲೇ ಜಾಲಂದ್ರ ಮಾಡಿ ಗಾಳಿ ಬೆಳಕು ತಂದ ಕೆಲಸ. ವ್ಯಾಟಿಕನ್ ಮಹಾಸಭೆಯ ನಂತರದ ಪೂಜೆಗೆ ಬೇಕಾದ ಹಾಗೆಯೂ ಇದೆ, ಊರಿನ ಮಳೆಗೆ ಬೇಕಾದ ಹಾಗೆಯೂ ಇದೆ, ಖರ್ಚೂ ಮಿತ. ನಮ್ಮಲ್ಲಿ ಎಷ್ಟು ಸಮಿತಿಗಳು ಅಲ್ಲಿಗೆ ಹೋಗಿ ನೋಡಿ ಬಂದಿವೆ?

ಇದರೊಟ್ಟಿಗೆ ಹೋಗುವುದು ಕಟ್ಟಡ ಮಾತ್ರವಲ್ಲ. ಹೊಳೆದಂಡೆಯ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬೆಂಕಿ ಆರಿಸಿ ಬಾಗಿಲು ಹಾಕಿದವು. ಆವೆಮಣ್ಣಿನ ಕೊರತೆ, ಕಟ್ಟಿಗೆಯ ಕೊರತೆ, ಕೂಲಿ, ಎಲ್ಲಕ್ಕಿಂತ ಮೇಲೆ ಕೇಳುವವರಿಲ್ಲ. ಆ ಜಾಗದಲ್ಲಿ ಈಗ ಫ್ಲಾಟುಗಳು. ದೊಡ್ಡ ಮಾಡು ಎಬ್ಬಿಸಬಲ್ಲ ಆಚಾರಿ ಊರಿಗೊಬ್ಬ ಇದ್ದದ್ದು ತಾಲೂಕಿಗೊಬ್ಬ ಆದ. ಮನೆಗಳು ಹಂಚು ಬಿಟ್ಟ ಮೇಲೆ ಇವರಿಗೆ ಉಳಿದಿದ್ದ ದೊಡ್ಡ ಕೆಲಸ ದೇವರ ಮನೆಗಳದ್ದೇ. ಅದೂ ತಪ್ಪಿದರೆ ಮಗನಿಗೆ ಉಳಿ ಹಿಡಿಯಲು ಕಲಿಸುವ ಆಚಾರಿ ಯಾರು? ಇತ್ತ ಕೆಡಹಿದ ಮಾಡಿನ ಹಂಚು, ತೊಲೆ, ಕಂಬಗಳಿಗೆ ಮಾತ್ರ ಭಾರೀ ಗಿರಾಕಿ! ಗುಜರಿಯವನು ಸಮಿತಿಯಿಂದ ತೂಕದ ಲೆಕ್ಕದಲ್ಲಿ ಒಯ್ದು, ರೆಸಾರ್ಟು ಹೋಂಸ್ಟೇ ಕಟ್ಟುವವರಿಗೆ ಕಲೆಯ ಲೆಕ್ಕದಲ್ಲಿ ಮಾರುತ್ತಾನೆ. ಇಗರ್ಜಿಗೆ ಭಾರವಾದದ್ದು ಟೂರಿಸ್ಟಿಗೆ ಅಲಂಕಾರ.

ತಡೆಯುವ ದಾರಿ ಏನು ಎಂದರೆ, ಸರಕಾರದ ಕಡೆ ಕೈತೋರಿಸಿ ಸುಮ್ಮನಾಗುವಂತಿಲ್ಲ. ರಾಜ್ಯದಲ್ಲಿ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆ. ಸಂರಕ್ಷಿತ ಎಂದು ಘೋಷಿಸಿದ ಕಟ್ಟಡಕ್ಕೆ ಮಾತ್ರ ಅದು ತಾಗುತ್ತದೆ. ದಿನಾ ಪೂಜೆ ನಡೆಯುವ, ಧರ್ಮಪ್ರಾಂತ್ಯದ ಆಸ್ತಿಯಾದ ಹಳ್ಳಿ ಇಗರ್ಜಿಯನ್ನು ಅದು ಮುಟ್ಟುವ ಸಂಭವ ಕಡಿಮೆ, ಮುಟ್ಟಲಿ ಎಂದು ಅಲ್ಲಿನವರು ಬಯಸುವುದೂ ಇಲ್ಲ. ಇಲಾಖೆಯ ಬೋರ್ಡು ಬಿದ್ದ ಮೇಲೆ ಒಂದು ಹಂಚು ಬದಲಾಯಿಸಲೂ ಬೆಂಗಳೂರಿಗೆ ಬರೆಯಬೇಕಾದೀತೆಂಬ ಹೆದರಿಕೆ ಸುಳ್ಳೂ ಅಲ್ಲ.

ಆದರೆ ಕಥೊಲಿಕರಿಗೆ ಅವರದೇ ಕಾನೂನು ಇದೆ. 1983ರ ಕೆನನ್ ಕಾನೂನಿನ 1215ನೇ ಕಲಮಿನಂತೆ ಬಿಷಪರ ಲಿಖಿತ ಒಪ್ಪಿಗೆ ಇಲ್ಲದೆ ಹೊಸ ಇಗರ್ಜಿ ಕಟ್ಟುವಂತಿಲ್ಲ. 1216ರಂತೆ ಕಟ್ಟುವಾಗಲೂ ದುರಸ್ತಿ ಮಾಡುವಾಗಲೂ ಬಲ್ಲವರ ಸಲಹೆ ಪಡೆಯಬೇಕು. 537ರಂತೆ ಪ್ರತಿ ಇಗರ್ಜಿಗೂ ಹಣಕಾಸಿನ ಸಮಿತಿ ಇರಲೇಬೇಕು. ಮಂಗಳೂರು ಧರ್ಮಪ್ರಾಂತ್ಯವಾಗಲಿ, 2012ರಲ್ಲಿ ಬೇರೆಯಾದ ಉಡುಪಿಯಾಗಲಿ, ಎರಡಕ್ಕೂ ಇದು ಅನ್ವಯ. ಈ 'ಬಲ್ಲವರು' ಯಾರು ಎಂಬಲ್ಲೇ ಇರುವುದು ವಿಷಯ. ಹೊಸದು ಕಟ್ಟಿದರೆ ಶೇಕಡಾವಾರು ಫೀಸು ಸಿಗುವ ಇಂಜಿನಿಯರನ್ನೇ ಕರೆದು ಹಳೆಯದು ಗಟ್ಟಿಯೋ ಎಂದು ಕೇಳಿದರೆ ಆತ ಏನು ಹೇಳಿಯಾನು? ಸುಣ್ಣ, ಮರ, ಮುರಕಲ್ಲಿನ ಕೆಲಸ ಗೊತ್ತಿದ್ದ, ಹೊಸ ಕಟ್ಟಡದ ಗುತ್ತಿಗೆಯಲ್ಲಿ ಪಾಲಿಲ್ಲದ ಒಬ್ಬರಿಂದ ವರದಿ ತರಿಸಬೇಕು. ದುರಸ್ತಿಗೆ ಎಷ್ಟು, ಹೊಸದಕ್ಕೆ ಎಷ್ಟು, ಮುಂದಿನ ಮೂವತ್ತು ವರ್ಷ ಎರಡನ್ನೂ ನೋಡಿಕೊಳ್ಳಲು ಎಷ್ಟು ಎಂಬ ಮೂರು ಲೆಕ್ಕ ಇಗರ್ಜಿಯ ಬಾಗಿಲಿಗೆ ಅಂಟಿಸಬೇಕು. ವಾಳೆಯ ಗುರಿಕಾರರು ಮನೆಮನೆಗೆ ವಂತಿಗೆಗೆ ಹೋಗುವುದು ಅದರ ನಂತರ.

ಅಂಗಡಿಯವರೂ ಇಷ್ಟು ಮಾಡಬಹುದು. ಈ ಸಲ ರಶೀದಿ ಪುಸ್ತಕ ಬಂದಾಗ, ಯಾವ ದೇವರ ಮನೆಯದ್ದಾದರೂ ಸರಿ, ಬರೆಸುವ ಮೊದಲು ಕೇಳಿ: ಹಳೆಯದರ ಗೋಡೆಯನ್ನು ಯಾರು ನೋಡಿದ್ದಾರೆ, ವರದಿ ಎಲ್ಲಿ? ದುರಸ್ತಿಗಾದರೆ ಐನೂರರ ಜಾಗದಲ್ಲಿ ಸಾವಿರ ಬರೆಯುತ್ತೇನೆ ಎಂದೂ ಹೇಳಿ ನೋಡಿ.